ಪರದೆಯ ಮೇಲೆ ಕಂಡದ್ದೇ ಪುಟವಲ್ಲ

ಸುದ್ದಿತಾಣಕ್ಕೆ ಬರೆಯುವವರಿರಲಿ, ಕಾಲೇಜಿನ ಜಾಲತಾಣಕ್ಕೆ ಸುತ್ತೋಲೆ ಏರಿಸುವವರಿರಲಿ, ಎಲ್ಲರ ಮುಂದೆಯೂ ಇರುವುದು ಒಂದೇ ಬಗೆಯ ಪೆಟ್ಟಿಗೆ. ಮೇಲೆ ಬೋಲ್ಡ್, ಇಟಾಲಿಕ್ ಗುಂಡಿಗಳ ಸಾಲು, ಕೆಳಗೆ ಬರೆಯಲು ಬಿಳಿ ಜಾಗ. ಬಳಸುವುದು ಸಲೀಸಾದ್ದರಿಂದ ಒಳಗೇನು ನಡೆಯುತ್ತದೆಂದು ಯಾರೂ ಕೇಳುವುದಿಲ್ಲ. ಕೇಳದಿದ್ದ ಕಡೆ ನಂಬಿಕೆಗಳು ಬೆಳೆಯುತ್ತವೆ.

ಇದು ಇತ್ತೀಚಿನ ಸೌಲಭ್ಯ ಎಂಬುದು ಮೊದಲನೆಯದು. 1990ರಲ್ಲಿ ಟಿಮ್ ಬರ್ನರ್ಸ್-ಲೀ ನೆಕ್ಸ್ಟ್ ಕಂಪ್ಯೂಟರಿಗೆಂದು ಬರೆದ ಮೊತ್ತಮೊದಲ ಬ್ರೌಸರಿನಲ್ಲಿ ಪುಟವನ್ನು ಓದಲೂಬಹುದಿತ್ತು, ತಿದ್ದಲೂಬಹುದಿತ್ತು. ಆಮೇಲೆ ಜನಪ್ರಿಯವಾದ ಬ್ರೌಸರುಗಳು ತಿದ್ದುವ ಅರ್ಧವನ್ನು ಕೈಬಿಟ್ಟವು.

ಎರಡನೆಯ ನಂಬಿಕೆ ಹೆಚ್ಚು ಗಟ್ಟಿ: ಎಡಿಟಿಂಗ್ ಬ್ರೌಸರಿನಲ್ಲೇ ಅಡಕವಾಗಿದೆ, ಹಾಗಾಗಿ ಎಲ್ಲೆಡೆ ಒಂದೇ ಫಲ. 2000ದಲ್ಲಿ ಮೈಕ್ರೋಸಾಫ್ಟ್ ಇಂಟರ್ನೆಟ್ ಎಕ್ಸ್‌ಪ್ಲೋರರ್ 5.5ರಲ್ಲಿ 'ಕಂಟೆಂಟ್‌ಎಡಿಟಬಲ್' ಎಂಬ ಗುಣವನ್ನು ತಂದಿತು. ಪುಟದ ಯಾವ ಭಾಗಕ್ಕೆ ಅದನ್ನು ಹಚ್ಚಿದರೂ ಅಲ್ಲಿ ಟೈಪ್ ಮಾಡಬಹುದು. ಉಳಿದ ಬ್ರೌಸರುಗಳೂ ಅದನ್ನು ಅಳವಡಿಸಿಕೊಂಡವು, ಆದರೆ ತಮ್ಮ ತಮ್ಮ ತಿಳಿವಳಿಕೆಯಂತೆ. ಎಂಟರ್ ಒತ್ತಿದರೆ ಎಕ್ಸ್‌ಪ್ಲೋರರ್ 'ಪಿ' ಟ್ಯಾಗ್ ಹಾಕುತ್ತಿತ್ತು, ಕ್ರೋಮ್ 'ಡಿವ್' ಹಾಕುತ್ತಿತ್ತು, ಹಳೆಯ ಫೈರ್‌ಫಾಕ್ಸ್ ಬರೀ 'ಬಿಆರ್' ಹಾಕಿ ಸುಮ್ಮನಾಗುತ್ತಿತ್ತು. ಬೋಲ್ಡ್ ಮಾಡಿದರೆ ಒಂದರಲ್ಲಿ 'ಸ್ಟ್ರಾಂಗ್', ಇನ್ನೊಂದರಲ್ಲಿ 'ಬಿ'. ಕಣ್ಣಿಗೆ ಎಲ್ಲವೂ ಒಂದೇ, ಉಳಿಸಿದ ಕೋಡ್ ಮಾತ್ರ ಬೇರೆ ಬೇರೆ. ಆ ಗುಣ ಎಚ್‌ಟಿಎಮ್‌ಎಲ್ ಮಾನದಂಡದೊಳಗೆ ಸೇರಿತು. ಬೋಲ್ಡ್‌ನಂಥ ಆದೇಶಗಳನ್ನು ನಡೆಸುವ 'ಎಕ್ಸೆಕ್‌ಕಮಾಂಡ್'ನ ವಿವರಣೆ ಮಾತ್ರ ಕರಡಾಗಿಯೇ ಉಳಿಯಿತು. ಈಗ ಅದನ್ನು ಬಳಸಬೇಡಿ ಎಂದೇ ಹೇಳುತ್ತಾರೆ.

ಹೀಗಾಗಿ 'ಗುಂಡಿ ಒತ್ತುವ ಎಡಿಟರ್ ಎಂದರೆ ಕಸದ ಕೋಡ್' ಎಂಬ ಹಳೇ ಪ್ರೋಗ್ರಾಮರರ ಗೊಣಗಾಟಕ್ಕೆ ಒಂದು ಕಾಲದಲ್ಲಿ ಆಧಾರವಿತ್ತು. ಈಗ ಅಷ್ಟಿಲ್ಲ. ಪ್ರೋಸ್‌ಮಿರರ್, ಸಿಕೆಎಡಿಟರ್ 5ರಂಥ ಎಡಿಟರುಗಳು ಬ್ರೌಸರ್ ಕೊಟ್ಟದ್ದನ್ನು ಹಾಗೇ ನಂಬುವುದಿಲ್ಲ. ಬರಹದ ತಮ್ಮದೇ ನಕಲನ್ನು ಒಳಗಿಟ್ಟುಕೊಂಡು, ಎಲ್ಲಿ ಏನು ಬರಬಹುದು ಎಂಬ ನಿಯಮಪಟ್ಟಿಗೆ ಪ್ರತಿ ಬದಲಾವಣೆಯನ್ನೂ ಒಡ್ಡುತ್ತವೆ. ಶೀರ್ಷಿಕೆಯೊಳಗೆ ಕೋಷ್ಟಕ ಬೇಡವೆಂದು ಪಟ್ಟಿಯಲ್ಲಿದ್ದರೆ ಎಷ್ಟು ಹಟ ಹಿಡಿದರೂ ಅದು ಒಳಗೆ ಹೋಗದು. ಕೊನೆಗೆ ಎಚ್‌ಟಿಎಮ್‌ಎಲ್ ಹೊರಬರುವುದು ಆ ನಕಲಿನಿಂದ.

ಆದರೂ ಕೋಡ್ ನಿಯಮಬದ್ಧವಾದ ಮಾತ್ರಕ್ಕೆ ಪುಟ ಸರಿಯಾಯಿತು ಎನ್ನುವಂತಿಲ್ಲ. ನನ್ನ ಮಟ್ಟಿಗೆ ಇದೇ ದೊಡ್ಡ ತಪ್ಪು ಕಲ್ಪನೆ. ಸಾಲೊಂದನ್ನು ಬೋಲ್ಡ್ ಮಾಡಿ, ಅಕ್ಷರ ದೊಡ್ಡದು ಮಾಡಿ ಶೀರ್ಷಿಕೆ ಎಂದುಕೊಂಡರೆ ವ್ಯಾಲಿಡೇಟರ್ ತಕರಾರು ಎತ್ತುವುದಿಲ್ಲ. ಸ್ಕ್ರೀನ್ ರೀಡರ್ ಬಳಸುವ ಅಂಧ ಓದುಗರಿಗೆ ಮಾತ್ರ ಅಲ್ಲಿ ಶೀರ್ಷಿಕೆಯೇ ಇಲ್ಲ. ಎನ್‌ವಿಡಿಎಯಂಥ ತಂತ್ರಾಂಶದಲ್ಲಿ ಅವರು ಒಂದು ಕೀಲಿಯಿಂದ ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರುತ್ತಾರೆ, ಇಂಥ ಪುಟದಲ್ಲಿ ಹಾರಲು ಮೆಟ್ಟಿಲೇ ಸಿಗದು. ಬರೆಯುವವರಿಗೆ ಇದನ್ನು ನೆನಪಿಸುವುದು ಎಡಿಟರಿನದೇ ಹೊಣೆ ಎನ್ನುತ್ತದೆ ಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2015ರಲ್ಲಿ ಅಂಗೀಕರಿಸಿದ ಎಟ್ಯಾಗ್ 2.0 ಮಾರ್ಗಸೂಚಿ. ಬೋಲ್ಡ್ ಗುಂಡಿಯನ್ನು ಮುಂದೆ ನಿಲ್ಲಿಸಿ ಶೀರ್ಷಿಕೆಯನ್ನು ಮೆನುವಿನೊಳಗೆ ಬಚ್ಚಿಡುವ ಎಡಿಟರುಗಳಿಗೆ ಈ ಮಾತು ಇನ್ನೂ ಕೇಳಿಸಿಲ್ಲ.

ಎಡಿಟರ್ ಶುಚಿ ಮಾಡಿದ್ದರಿಂದ ಸುರಕ್ಷಿತ ಎಂಬುದೂ ಸುಳ್ಳೇ. ದುರುಳರು ಎಡಿಟರನ್ನು ಮುಟ್ಟದೆ ನೇರ ಸರ್ವರಿಗೇ ಕೋಡ್ ಕಳಿಸಬಲ್ಲರು. ಸರ್ವರಿನಲ್ಲಿ ಇನ್ನೊಮ್ಮೆ ಸೋಸಲೇಬೇಕು.

ಇನ್ನು ಕನ್ನಡದವರ ದೂರು: 'ನುಡಿಯಿಂದ ಪೇಸ್ಟ್ ಮಾಡಿದರೆ ಎಡಿಟರ್ ಅಕ್ಷರ ಕೆಡಿಸುತ್ತದೆ.' ಹಳೆಯ ನುಡಿ, ಬರಹ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಕಡತದಲ್ಲಿ ಇರುವುದೇ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಫಾಂಟ್ ಅವುಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ತೋರಿಸುತ್ತಿತ್ತು. ಪೇಸ್ಟ್ ಮಾಡುವಾಗ ಎಡಿಟರ್ ಫಾಂಟನ್ನು ಕಳಚಿದ ಕೂಡಲೇ ಅಸಲು ಹೊರಬೀಳುತ್ತದೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಂಡು ಪೇಸ್ಟ್ ಮಾಡಿದರೆ ಮುಗಿಯಿತು. ಎಡಿಟರ್ ನಿಜಕ್ಕೂ ತಪ್ಪುವುದು ಬೇರೆ ಕಡೆ. 'ರಾಜ್‌ಕುಮಾರ್', 'ರ‍್ಯಾಂಕ್' ಪದಗಳೊಳಗೆ ಕಣ್ಣಿಗೆ ಕಾಣದ, ಅಗಲವಿಲ್ಲದ ಸಂಕೇತಗಳಿವೆ. ಅವನ್ನು ಕಸವೆಂದು ಗುಡಿಸಿಹಾಕುವ ಸೋಸುವಿಕೆಯಿಂದ 'ರಾಜ್ಕುಮಾರ್', 'ರ್ಯಾಂಕ್' ಹುಟ್ಟುತ್ತವೆ. ಯೂನಿಕೋಡ್ ಪಠ್ಯದಲ್ಲಿ ಹೀಗಾದರೆ ದೂರು ಟೈಪಿಸ್ಟರಿಗಲ್ಲ, ತಾಣ ಕಟ್ಟಿದವರಿಗೆ ಹೋಗಬೇಕು.