ಉಗ್ಗುವ ಮಗುವಿಗೆ ಕಿವಿಗೊಡೋಣ

ಮನೆಯಲ್ಲಿ ಜಪಮಾಲೆಯ ಸರದಿ ಬಂದಾಗ ಉಗ್ಗುವ ಮಗು ಕರಾವಳಿಯಲ್ಲೂ ಇದೆ, ಘಟ್ಟದ ಮೇಲಿನ ಅರಸೀಕೆರೆ, ಬೇಲೂರು, ಹಳೇಬೀಡಿನಲ್ಲೂ ಇದೆ. ಅದಕ್ಕೆ ಬಜೆ ನೆಕ್ಕಿಸುತ್ತೇವೆ, "ಸರಿಯಾಗಿ ಹೇಳು" ಎಂದು ಗದರುತ್ತೇವೆ. ಆದರೆ ಉಗ್ಗು ನಾಲಿಗೆಯ ದೋಷವಲ್ಲ, ಹೆತ್ತವರ ತಪ್ಪೂ ಅಲ್ಲ. ಮಿದುಳು ಮಾತನ್ನು ಹೊಂದಿಸುವ ಬಗೆಯಲ್ಲಿನ ವ್ಯತ್ಯಾಸ ಅದು. ಕೆಲವೊಮ್ಮೆ ವಂಶದಲ್ಲೇ ಬರುತ್ತದೆ.

ಸಾಮಾನ್ಯವಾಗಿ 2ರಿಂದ 5 ವರ್ಷದೊಳಗೆ ಶುರುವಾಗುವ ಉಗ್ಗು ಹೆಚ್ಚಿನ ಮಕ್ಕಳಲ್ಲಿ ತಾನಾಗಿಯೇ ಹೋಗುತ್ತದೆ. 6 ತಿಂಗಳು ದಾಟಿದರೆ, ಅಥವಾ ಮಗು ಮುಖ ಬಿಗಿದು ಮಾತಿಗಾಗಿ ಒದ್ದಾಡಿದರೆ ಮಾತ್ರ ಕಾಯಬಾರದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಅರಸೀಕೆರೆಯಿಂದ ಹಾಸನದ ಮೂಲಕ ಅಲ್ಲಿಗೆ ರೈಲಿದೆ. ಬೇಲೂರು, ಹಳೇಬೀಡಿನವರು ಬಸ್ಸಿನಲ್ಲಿ ಹಾಸನಕ್ಕೆ ಬಂದು ಹೋಗಬಹುದು.

ವಾಕ್ ಚಿಕಿತ್ಸೆಯಲ್ಲಿ ಅರ್ಧ ಕೆಲಸ ಮನೆಯವರದೇ. ದಿನಾ ಸ್ವಲ್ಪ ಹೊತ್ತು ಮಗುವಿನೊಡನೆ ನಿಧಾನವಾಗಿ ಮಾತನಾಡುವುದು, ಅದರ ಮಾತನ್ನು ನಾವೇ ಪೂರ್ತಿ ಮಾಡದೆ ಕಾಯುವುದು, ಸರಾಗವಾಗಿ ಆಡಿದಾಗ ಮೆಚ್ಚುವುದು – ಇವನ್ನು ಚಿಕಿತ್ಸಕರು ಹೆತ್ತವರಿಗೆ ಕಲಿಸಿಕೊಡುತ್ತಾರೆ. ಧರ್ಮೋಪದೇಶದ ತರಗತಿಯಲ್ಲಿ ಇತರ ಮಕ್ಕಳು ನಗದಂತೆ ಶಿಕ್ಷಕರು ನೋಡಿಕೊಳ್ಳಲಿ. ಓದುವ ಸರದಿಯನ್ನು ತಪ್ಪಿಸದೆ, ಬಲವಂತವನ್ನೂ ಮಾಡದೆ ಮಗುವನ್ನೇ ಕೇಳಲಿ.

ಮಾತು ತಡವರಿಸುತ್ತದೆಂದು ಹಿಂಜರಿದ ಮೋಶೆಯನ್ನು ದೇವರು ಕೈಬಿಡಲಿಲ್ಲ (ವಿಮೋಚನಾಕಾಂಡ 4:10-12). ನಾವೂ ಮಗುವಿನ ಮಾತು ಮುಗಿಯುವ ತನಕ ಕಾಯೋಣ.