ಅನ್ನ ಸಿಕ್ಕ ಊರಿನಲ್ಲಿ ಕಾಲೇಜು

ಸಿಇಟಿ ರ‍್ಯಾಂಕ್ ಬಂದ ಮೇಲೆ ಯಾವುದಾದರೂ ಸೈಬರ್ ಸೆಂಟರಿನಲ್ಲಿ ಆಪ್ಷನ್ ಎಂಟ್ರಿ ನಡೆಯುವುದನ್ನು ನೋಡಬೇಕು. ಅಪ್ಪನ ಕೈಯಲ್ಲಿ ಹೋದ ವರ್ಷದ ಕಟ್ ಆಫ್ ಪಟ್ಟಿ; ಮಗಳು ಕಾಲೇಜು ಕೋಡ್‌ಗಳನ್ನು ಒಂದರ ಕೆಳಗೊಂದು ಜೋಡಿಸುತ್ತಿರುತ್ತಾಳೆ. ‘ಮೊದಲು ಕಂಪ್ಯೂಟರ್ ಸೈನ್ಸ್ ಇರೋದೆಲ್ಲ ಹಾಕು, ಕಾಲೇಜು ಆಮೇಲೆ ನೋಡೋಣ.’ ಬ್ರಾಂಚ್, ಪ್ಲೇಸ್‌ಮೆಂಟ್, ಹಾಸ್ಟೆಲ್ ಫೀಸು ಎಲ್ಲವೂ ಚರ್ಚೆಯಾಗುತ್ತವೆ. ವಿಶ್ವವಿದ್ಯಾಲಯದ ಹೆಸರನ್ನು ಯಾರೂ ಎತ್ತುವುದಿಲ್ಲ.

ಹಾಗೆ ನೋಡಿದರೆ, ಇಂಥದೇ ವಿ.ವಿ. ಬೇಕೆನ್ನುವ ಭಾಗ್ಯ ನಮ್ಮವರಿಗೆ ಯಾವತ್ತಿತ್ತು? 1916ರಲ್ಲಿ ಮೈಸೂರು ವಿ.ವಿ. ಹುಟ್ಟುವವರೆಗೆ ಮಹಾರಾಜ ಕಾಲೇಜಿನವರಿಗೂ ಪದವಿ ಕೊಡುತ್ತಿದ್ದುದು ಮದ್ರಾಸು. ಧಾರವಾಡದವರಿಗೆ ಮುಂಬಯಿ. ಕಲಬುರ್ಗಿಯವರಿಗೆ ಹೈದರಾಬಾದಿನ ಉಸ್ಮಾನಿಯಾ, ಅಲ್ಲಿ ಪಾಠ ಉರ್ದುವಿನಲ್ಲಿ. ಕಲಬುರ್ಗಿಗೆ ತನ್ನದೇ ವಿ.ವಿ. ಬರಲು 1980 ಆಗಬೇಕಾಯಿತು.

ಊರು ಗೊತ್ತಾದ ಮೇಲೆ ಊಟದ ಪ್ರಶ್ನೆ. ಸೋಮವಾರ ವಕೀಲರ ಮನೆ, ಮಂಗಳವಾರ ಮೇಷ್ಟರ ಮನೆ. ವಾರಾನ್ನಕ್ಕೆ ಏಳು ಮನೆ ಹೊಂದಿಸಿಕೊಂಡ ಹುಡುಗನ ಬಿ.ಎ. ಅರ್ಧ ಮುಗಿದ ಹಾಗೆಯೇ. ಆದರೆ ಆ ಬಾಗಿಲುಗಳು ಜಾತಿ ಕೇಳಿಯೇ ತೆರೆಯುತ್ತಿದ್ದವು. ಉಳಿದವರಿಗೆ ದಾರಿಯಾದದ್ದು ಸಮುದಾಯಗಳ ಹಾಸ್ಟೆಲ್ಲು, ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗೆ, ಆಮೇಲೆ ಸರ್ಕಾರದ ಸಮಾಜ ಕಲ್ಯಾಣ ಇಲಾಖೆ. ವಿ.ವಿ.ಗಳ ಸ್ಮರಣ ಸಂಚಿಕೆಗಳಲ್ಲಿ ಸಾಲಾಗಿ ಕುಲಪತಿಗಳ ಫೋಟೊ ಇರುತ್ತವೆ; ಹಾಸ್ಟೆಲ್ ಅಡುಗೆಯವರದೂ ಇರಬೇಕಿತ್ತು.

ದುಡ್ಡು ಬಂದದ್ದು ಆಮೇಲೆ. 1953ರಲ್ಲಿ ಮಣಿಪಾಲದಲ್ಲಿ ಖಾಸಗಿ ಮೆಡಿಕಲ್ ಕಾಲೇಜು ಶುರುವಾಯಿತು. ಮುಂದೆ ರಾಜ್ಯದಲ್ಲಿ ಡೊನೇಷನ್ ಹಾವಳಿ ಎಷ್ಟು ಬೆಳೆಯಿತೆಂದರೆ 1984ರಲ್ಲಿ ಅದನ್ನು ನಿಷೇಧಿಸಲು ಕಾಯ್ದೆಯೇ ಬೇಕಾಯಿತು. 1993ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಉನ್ನಿಕೃಷ್ಣನ್ ತೀರ್ಪಿನ ಬೆನ್ನಿಗೆ ಸಿಇಟಿ ಬಂತು, ಹಳ್ಳಿಯ ಹುಡುಗನೂ ರ‍್ಯಾಂಕಿನ ಬಲದಿಂದ ಬೆಂಗಳೂರಿನ ಕಾಲೇಜು ಕೇಳಬಹುದಾಯಿತು. ನನ್ನ ಮಟ್ಟಿಗೆ ನಿಜವಾದ ಆಯ್ಕೆ ಶುರುವಾದದ್ದೇ ಇಲ್ಲಿ. ತಮಾಷೆಯೆಂದರೆ 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿ.ವಿ. (ವಿಟಿಯು) ಹುಟ್ಟಿ, ಇಂಜಿನಿಯರಿಂಗ್ ಕಾಲೇಜುಗಳೆಲ್ಲ ಹೆಚ್ಚುಕಡಿಮೆ ಒಂದೇ ಸೂರಿನಡಿ ಬಂದವು. ಎಲ್ಲರ ಸರ್ಟಿಫಿಕೇಟಿನಲ್ಲೂ ಅದೇ ಹೆಸರು; ಇನ್ನು ಆರಿಸುವುದು ಕಾಲೇಜನ್ನು, ಬ್ರಾಂಚನ್ನು. 2016ರಿಂದ ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್ ಬರುತ್ತಿದೆ, ಹೋರ್ಡಿಂಗ್‌ಗಳಿಗೆ ಚೆನ್ನಾಗಿ ಒದಗುತ್ತದೆ.

ಎಂ.ಎ., ಎಂ.ಕಾಂ. ಓದುವ ಹೆಣ್ಣುಮಕ್ಕಳ ಲೆಕ್ಕ ಬೇರೆ. ಸಂಜೆ ಮನೆ ಸೇರುವುದಾದರೆ ಓದು, ಇಲ್ಲವಾದರೆ ಗಂಡು ಹುಡುಕುವ ಮಾತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನ ಟಿಕೆಟ್ಟಿನ ಖರ್ಚು ತಪ್ಪಿತು. ಈಗ ಮನೆಯವರು ಕೇಳುವುದು ಒಂದೇ: ಕ್ಲಾಸು ಮುಗಿದ ಮೇಲೆ ನಮ್ಮೂರಿಗೆ ಬಸ್ಸು ಎಷ್ಟು ಗಂಟೆಗಿದೆ?