ವಿದೇಶದಿಂದ ಬಂದವರ ಆಧಾರ್ ನೋಂದಣಿ

ವಿದೇಶದಿಂದ ಬಂದು ಭಾರತದಲ್ಲಿ ನೆಲೆಸಿದವರು 12 ಅಂಕಿಗಳ ಆಧಾರ್ ಸಂಖ್ಯೆಯನ್ನು ಪಡೆಯುವ ಕ್ರಮವು 2016ರ ಆಧಾರ್ ಕಾಯಿದೆ ಹಾಗೂ ಅದರ ಅಡಿಯಲ್ಲಿ ರಚಿತವಾದ ನಿಯಮಾವಳಿಗಳಿಗೆ ಒಳಪಟ್ಟಿದೆ. ಈ ಸಂಖ್ಯೆಯನ್ನು ಭಾರತೀಯ ವಿಶಿಷ್ಟ ಗುರುತು ಪ್ರಾಧಿಕಾರವು ನೀಡುತ್ತದೆ. ಕಾಯಿದೆಯು ಇದನ್ನು ಪೌರತ್ವದೊಡನೆ ಜೋಡಿಸಿಲ್ಲ. ದೇಶದಲ್ಲಿನ ವಾಸವನ್ನು ಅರ್ಹತೆಯನ್ನಾಗಿ ಇಟ್ಟುಕೊಂಡಿದೆ. ಆದುದರಿಂದ ವಿದೇಶಿ ಪ್ರಜೆಗಳೂ ನಿಗದಿತ ಅವಧಿಯವರೆಗೆ ಇಲ್ಲಿ ವಾಸಿಸಿದ್ದರೆ ಆಧಾರ್ ಪಡೆಯಬಹುದು.

ಹಿನ್ನೆಲೆ

ಪ್ರಾಧಿಕಾರವು 2009ರ ಜನವರಿಯಲ್ಲಿ ಸ್ಥಾಪನೆಯಾಯಿತು. ಮೊದಲ ಆಧಾರ್ ಸಂಖ್ಯೆಯನ್ನು 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ನಂದುರ್ಬಾರ್ ಜಿಲ್ಲೆಯ ತೆಂಭ್ಲಿ ಗ್ರಾಮದಲ್ಲಿ ವಿತರಿಸಲಾಯಿತು. ಕರ್ನಾಟಕದಲ್ಲಿ ಪ್ರಾಯೋಗಿಕ ನೋಂದಣಿಗೆ ಮೈಸೂರು ಮತ್ತು ತುಮಕೂರು ಜಿಲ್ಲೆಗಳನ್ನು ಆರಿಸಿಕೊಳ್ಳಲಾಗಿತ್ತು. ಹೀಗಾಗಿ ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್ ಸೇರಿದಂತೆ ಈ ಜಿಲ್ಲೆಯ ಜನರಿಗೆ ನೋಂದಣಿಯ ಅವಕಾಶ ರಾಜ್ಯದ ಇತರ ಹಲವು ಜಿಲ್ಲೆಗಳಿಗಿಂತ ಮೊದಲೇ ದೊರೆಯಿತು. ಆ ಕಾಲದಲ್ಲಿ ಹೊರದೇಶಗಳಲ್ಲಿದ್ದವರು ಊರಿಗೆ ಮರಳಿದ ಮೇಲೆ ನೋಂದಾಯಿಸಿಕೊಳ್ಳಬೇಕಾಯಿತು.

182 ದಿನಗಳ ನಿಯಮ

ಅರ್ಜಿ ಸಲ್ಲಿಸುವ ದಿನದ ಹಿಂದಿನ 12 ತಿಂಗಳುಗಳಲ್ಲಿ ಒಟ್ಟು 182 ದಿನ ಅಥವಾ ಅದಕ್ಕಿಂತ ಹೆಚ್ಚು ಕಾಲ ಭಾರತದಲ್ಲಿ ವಾಸಿಸಿದ ವ್ಯಕ್ತಿಯನ್ನು ಕಾಯಿದೆಯು ‘ನಿವಾಸಿ’ ಎಂದು ಕರೆಯುತ್ತದೆ. ಈ ದಿನಗಳು ನಿರಂತರವಾಗಿರಬೇಕಾಗಿಲ್ಲ. ಉದಾಹರಣೆಗೆ, ವಿದೇಶಿ ಪೌರತ್ವ ಪಡೆದ ಗುಬ್ಬಿ ಮೂಲದ ವ್ಯಕ್ತಿಯೊಬ್ಬರು ಒಂದೇ ವರ್ಷದೊಳಗೆ ಒಮ್ಮೆ 100 ದಿನ, ಮತ್ತೊಮ್ಮೆ 82 ದಿನ ಊರಿನಲ್ಲಿದ್ದರೆ ಅರ್ಹರಾಗುತ್ತಾರೆ. ತಲಾ 90 ದಿನಗಳಂತೆ ಎರಡು ಬಾರಿ ಬಂದು ಹೋದವರಿಗೆ ಎರಡು ದಿನಗಳ ಕೊರತೆಯಾಗುತ್ತದೆ.

ಈ ನಿಯಮವು ಎಲ್ಲರಿಗೂ ಒಂದೇ ರೀತಿ ಅನ್ವಯಿಸುವುದಿಲ್ಲ.

ಅನಿವಾಸಿ ಭಾರತೀಯರು: ಭಾರತೀಯ ಪಾಸ್‌ಪೋರ್ಟ್ ಉಳ್ಳವರು ಕಾಯಬೇಕಾಗಿಲ್ಲ. 2019ರ ಜುಲೈ ತಿಂಗಳ ಕೇಂದ್ರ ಮುಂಗಡಪತ್ರದಲ್ಲಿ ಈ ವಿನಾಯಿತಿಯನ್ನು ಪ್ರಕಟಿಸಲಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅಧಿಸೂಚನೆ ಹೊರಬಿತ್ತು. ಊರಿಗೆ ಬಂದ ಕೂಡಲೇ ಇವರು ಅರ್ಜಿ ಸಲ್ಲಿಸಬಹುದು.

ಒಸಿಐ ಕಾರ್ಡ್ ಉಳ್ಳವರು: ವಿದೇಶಿ ಪೌರತ್ವ ಪಡೆದ ಭಾರತೀಯ ಮೂಲದವರಿಗೆ 182 ದಿನಗಳ ನಿಯಮ ಅನ್ವಯಿಸುತ್ತದೆ. ಅಣ್ಣನ ಬಳಿ ಭಾರತೀಯ ಪಾಸ್‌ಪೋರ್ಟ್, ತಮ್ಮನ ಬಳಿ ಅಮೆರಿಕದ ಪಾಸ್‌ಪೋರ್ಟ್ ಇದ್ದರೆ, ಒಂದೇ ವಿಮಾನದಲ್ಲಿ ಬಂದಿಳಿದರೂ ತಮ್ಮನು ಕಾಯಬೇಕಾಗುತ್ತದೆ.

ಇತರ ವಿದೇಶಿಯರು: ವೀಸಾ ಪಡೆದು ನೆಲೆಸಿರುವವರಿಗೂ, ವೀಸಾ ಅಗತ್ಯವಿಲ್ಲದ ನೇಪಾಳ ಮತ್ತು ಭೂತಾನದ ಪ್ರಜೆಗಳಿಗೂ ಈ ನಿಯಮ ಅನ್ವಯಿಸುತ್ತದೆ.

ನೋಂದಣಿಯ ಕ್ರಮ

ಅರ್ಜಿದಾರರು ಭಾರತದಲ್ಲಿನ ನೋಂದಣಿ ಕೇಂದ್ರಕ್ಕೆ ಖುದ್ದಾಗಿ ಹೋಗಬೇಕು. ಅಂಚೆ ಕಚೇರಿ, ಬ್ಯಾಂಕ್ ಮತ್ತು ಸರ್ಕಾರಿ ಕಚೇರಿಗಳಲ್ಲಿ ಇಂತಹ ಕೇಂದ್ರಗಳಿರುತ್ತವೆ. ಹೊಸ ನೋಂದಣಿಗೆ ಶುಲ್ಕವಿಲ್ಲ. ವಿದೇಶಿಯರ ನೋಂದಣಿ ಎಲ್ಲ ಕೇಂದ್ರಗಳಲ್ಲಿಯೂ ನಡೆಯದಿರುವುದರಿಂದ, ಗುಬ್ಬಿ ಅಥವಾ ಕುಣಿಗಲ್‌ನವರು ಹೊರಡುವ ಮುನ್ನ 1947 ಸಂಖ್ಯೆಯ ಸಹಾಯವಾಣಿಯಲ್ಲಿ ವಿಚಾರಿಸುವುದು ಸೂಕ್ತ.

ಅನಿವಾಸಿ ಭಾರತೀಯರಿಗೆ ಚಾಲ್ತಿಯಲ್ಲಿರುವ ಭಾರತೀಯ ಪಾಸ್‌ಪೋರ್ಟ್ ಕಡ್ಡಾಯ; ಮಿಂಚಂಚೆ ವಿಳಾಸವನ್ನೂ ನೀಡಬೇಕು. ಒಸಿಐ ಕಾರ್ಡ್ ಉಳ್ಳವರು ಆ ಕಾರ್ಡಿನೊಂದಿಗೆ ವಿದೇಶಿ ಪಾಸ್‌ಪೋರ್ಟನ್ನೂ, ವೀಸಾ ಪಡೆದು ನೆಲೆಸಿರುವ ಇತರ ವಿದೇಶಿಯರು ಪಾಸ್‌ಪೋರ್ಟ್ ಮತ್ತು ವೀಸಾವನ್ನೂ ಹಾಜರುಪಡಿಸಬೇಕು. 2024ರ ಜನವರಿಯಿಂದ ಬೇರೆ ಬೇರೆ ವರ್ಗಗಳಿಗೆ ಪ್ರತ್ಯೇಕ ನಮೂನೆಗಳಿವೆ. ಭಾರತದಲ್ಲಿ ವಿಳಾಸವಿರುವ ವಯಸ್ಕ ಅನಿವಾಸಿ ಭಾರತೀಯರಿಗೆ ನಮೂನೆ 1, ವಿದೇಶದ ವಿಳಾಸ ನೀಡುವವರಿಗೆ ನಮೂನೆ 2 ಮತ್ತು ವಯಸ್ಕ ವಿದೇಶಿ ನಿವಾಸಿಗಳಿಗೆ ನಮೂನೆ 7 ಅನ್ವಯಿಸುತ್ತದೆ. ಕೇಂದ್ರದಲ್ಲಿ ಭಾವಚಿತ್ರ, ಹತ್ತು ಬೆರಳುಗಳ ಗುರುತು ಮತ್ತು ಎರಡೂ ಕಣ್ಣುಗಳ ಪಾಪೆಯ ಚಿತ್ರವನ್ನು ದಾಖಲಿಸಿಕೊಂಡು ಸ್ವೀಕೃತಿ ಪತ್ರ ನೀಡಲಾಗುತ್ತದೆ. 5 ವರ್ಷದೊಳಗಿನ ಮಕ್ಕಳ ಬೆರಳಚ್ಚು ಮತ್ತು ಪಾಪೆಯ ಚಿತ್ರವನ್ನು ತೆಗೆದುಕೊಳ್ಳುವುದಿಲ್ಲ.

ಸಂಖ್ಯೆಯ ಅವಧಿ

ವಿದೇಶಿಯರಿಗೆ ನೀಡುವ ಆಧಾರ್‌ಗೆ ಕಾಲಮಿತಿಯಿದೆ. ಒಸಿಐ ಕಾರ್ಡ್ ಉಳ್ಳವರಿಗೆ ಹಾಗೂ ನೇಪಾಳ, ಭೂತಾನದ ಪ್ರಜೆಗಳಿಗೆ ಇದು 10 ವರ್ಷ. ಇತರರಿಗೆ ವೀಸಾದ ಅವಧಿ ಮುಗಿಯುವವರೆಗೆ.

ಉಪಯೋಗ ಮತ್ತು ಮಿತಿಗಳು

ಕರ್ನಾಟಕದ ಕಂದಾಯ ಇಲಾಖೆಯು 2024ರಲ್ಲಿ ಪಹಣಿಗಳಿಗೆ ಭೂಮಾಲೀಕರ ಆಧಾರ್ ಜೋಡಿಸುವ ಕಾರ್ಯವನ್ನು ರಾಜ್ಯಾದ್ಯಂತ ಕೈಗೊಂಡಿತು. ಇದರಿಂದ ಗುಬ್ಬಿ, ಕುಣಿಗಲ್ ಮುಂತಾದ ತಾಲ್ಲೂಕುಗಳಲ್ಲಿ ಪಿತ್ರಾರ್ಜಿತ ಹೊಲ, ತೆಂಗಿನ ತೋಟಗಳನ್ನು ಉಳಿಸಿಕೊಂಡು ಹೊರದೇಶದಲ್ಲಿರುವವರಿಗೂ ಈ ಸಂಖ್ಯೆ ಮುಖ್ಯವಾಯಿತು. ಆದರೆ ಆಧಾರ್ ಪಡೆದ ಮಾತ್ರಕ್ಕೆ ಹೊಸ ಹಕ್ಕುಗಳು ಬರುವುದಿಲ್ಲ. ಕಾಯಿದೆಯ 9ನೇ ಪ್ರಕರಣದ ಪ್ರಕಾರ ಇದು ಪೌರತ್ವಕ್ಕಾಗಲಿ ಕಾಯಂ ನೆಲೆಗಾಗಲಿ ಪುರಾವೆಯಲ್ಲ. ಒಸಿಐ ಕಾರ್ಡ್ ಉಳ್ಳವರು ಕೃಷಿಭೂಮಿಯನ್ನು ಉತ್ತರಾಧಿಕಾರದಿಂದ ಪಡೆಯಬಹುದೇ ಹೊರತು ಕೊಳ್ಳುವಂತಿಲ್ಲ. ಆಧಾರ್ ಸಂಖ್ಯೆಯಿಂದ ಈ ನಿರ್ಬಂಧ ಬದಲಾಗುವುದಿಲ್ಲ.

ನ್ಯಾಯಾಲಯದ ತೀರ್ಪು

ಆಧಾರ್ ಯೋಜನೆಯನ್ನು ಪ್ರಶ್ನಿಸಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಸಲ್ಲಿಸಿದರು. 2018ರ ಸೆಪ್ಟೆಂಬರ್ 26ರಂದು ಐವರು ನ್ಯಾಯಮೂರ್ತಿಗಳ ಪೀಠವು 4–1ರ ಬಹುಮತದಿಂದ ಕಾಯಿದೆಯನ್ನು ಎತ್ತಿಹಿಡಿಯಿತು. ಬ್ಯಾಂಕ್ ಖಾತೆ ಮತ್ತು ಮೊಬೈಲ್ ಸಂಪರ್ಕಗಳಿಗೆ ಆಧಾರ್ ಕಡ್ಡಾಯಗೊಳಿಸಿದ್ದನ್ನು ರದ್ದುಪಡಿಸಿತು. ಅಕ್ರಮ ವಲಸಿಗರು ಯೋಜನೆಯ ಪ್ರಯೋಜನ ಪಡೆಯದಂತೆ ನೋಡಿಕೊಳ್ಳಬೇಕೆಂದೂ ಸರ್ಕಾರಕ್ಕೆ ಸೂಚಿಸಿತು.